ಪರೀಕ್ಷೆಗೆ ಹೋಗು, ನಯನಾ

ನಯನಾ,

ಕೊಟ್ಟಿಗೆ ಕೆಲಸ ಮುಗಿಸಿದ್ದೇನೆ. ಹಾಲು ಡೈರಿಗೆ ಹಾಕಿ ಹಾಗೇ ಗದ್ದೆಗೆ ಹೋಗುತ್ತೇನೆ. ಅಮ್ಮನ ತಿಂಡಿ ಆಯಿತು. ಹಾಲ್ ಟಿಕೆಟ್ ದೇವರ ಗೂಡಿನಲ್ಲಿದೆ. ಎಂಟರ ಬಸ್ಸಿಗೆ ಸೊರಬಕ್ಕೆ ಹೋಗಿ ಶಿಕಾರಿಪುರದ ಬಸ್ ಹಿಡಿ.

"ಎರಡು ಪಾಠ ಓದಿಲ್ಲ, ಈ ಸಲ ಪರೀಕ್ಷೆ ಬರೆಯಲ್ಲ ರೀ" ಅಂತ ನಿನ್ನೆ ಹೇಳಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕ್ಯಾಸನೂರಿನ ಸುತ್ತ ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಕೆಲಸದ ನಡುವೆ, ದಾರಿಯಲ್ಲೇ ಫೋನಿನಲ್ಲಿ ಪಾಠ ಕೇಳಿ ದೂರಶಿಕ್ಷಣದ ಬಿ.ಎ. ಎರಡನೇ ವರ್ಷಕ್ಕೆ ಬಂದವಳು ನೀನು. ದಿನಾ ಕಾಲೇಜಿಗೆ ಹೋಗದೆ ಅದೆಂಥ ಡಿಗ್ರಿ ಅಂತ ನಕ್ಕವನು ನಾನು.

ಹೋದ ಭಾನುವಾರ ಶಿಕಾರಿಪುರದಲ್ಲಿ ನಿನ್ನ ಕ್ಲಾಸ್ ಮುಗಿಯಲಿ ಅಂತ ಕಿಟಕಿ ಹತ್ತಿರ ಕಾಯುತ್ತಿದ್ದೆ. ಉಣುಗು ಕಚ್ಚಿ ಮಂಗನ ಕಾಯಿಲೆ ಬಾರದಿರಲಿ ಅಂತ ಎಣ್ಣೆ ಕೊಟ್ಟರೂ ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂದು ಮೇಷ್ಟ್ರು ಕೇಳಿದರು. ನೀನು ಎದ್ದು, "ಹಚ್ಚಿದ ಕೈಯಲ್ಲಿ ಕರೆದ್ರೆ ಹಾಲು ನಾರುತ್ತೆ ಅಂತಾರೆ ಸಾರ್. ಕರೆದಾದ ಮೇಲೆ ಹಚ್ಕಳಿ ಅಂದ್ರೆ ಒಪ್ತಾರೆ" ಅಂದೆ. "ಇದು ನನ್ನ ಪುಸ್ತಕದಾಗೂ ಇಲ್ಲ ರೀ, ಇಲ್ಲಿ ಬಂದು ಎಲ್ಲರಿಗೂ ಹೇಳ್ರಿ" ಅಂತ ಅವರು ಬೋರ್ಡು ಬಿಟ್ಟು ಪಕ್ಕಕ್ಕೆ ಸರಿದರು. ಹೊರಗಿದ್ದ ನಾನು ಕೇಳಲು ಕಿಟಕಿಗೆ ಇನ್ನೂ ಒತ್ತಿ ನಿಂತೆ.

ಗೊತ್ತಿದ್ದಷ್ಟು ಬರೆದು ಬಾ. ಒಂದು ಪೇಪರ್ ಉಳಿದರೆ ಮುಂದಿನ ಸಲ ಬರೆಯಬಹುದಂತೆ, ಅವತ್ತು ಅಲ್ಲೇ ಆಫೀಸಿನಲ್ಲಿ ವಿಚಾರಿಸಿದ್ದೇನೆ. ಹತ್ತನೇ ಕ್ಲಾಸ್ ಫೇಲಾದ ನನ್ನಂಥವರಿಗೂ ಮತ್ತೆ ಓದಲು ದಾರಿ ಇದೆಯಾ ಅಂತ ಕೇಳಿ, ಒಂದು ಅರ್ಜಿ ತಂದಿದ್ದೇನೆ. ಸಂಜೆ ಪಕ್ಕದಲ್ಲಿ ಕೂತು ತುಂಬಿಸಿಕೊಡು.

ಸುರೇಂದ್ರ