ಫೆಬ್ರವರಿಯ ಚಿತ್ರ, ಅಕ್ಟೋಬರಿನ ದನ

ಕಾವಲಿನ ಅನುಮತಿ ಪತ್ರಗಳಿಗೆ ಸಹಿ ಹಾಕುವ ಮಾನ್ಯರೇ,

ಎಮ್ಮೆದೊಡ್ಡಿ ಕಡೆಯ ನಮ್ಮ ಕಾವಲಿಗೆ, ಅಂದರೆ ಊರ ಹುಲ್ಲುಗಾವಲಿಗೆ, ಹಸು ಸಾಕಿ ಬದುಕುವ ಹುಲಿಗೆಮ್ಮನವರು ಒಂದು ವರ್ಷ ದನ ಹೊಡೆಯಕೂಡದೆಂದು ನೀವು ನೋಟಿಸ್ ಕೊಟ್ಟಿದ್ದೀರಿ. ಅದಕ್ಕೆ ಆಧಾರ ನನ್ನ ಹೇಳಿಕೆ. ಆ ಹೇಳಿಕೆ ಸುಳ್ಳು. ನಿಮ್ಮ ಕಚೇರಿಯಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಆದ್ದರಿಂದ ಊರಿಗೆಲ್ಲ ಕೇಳುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಬಿಡುವಿದ್ದಾಗ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಬಿಚ್ಚಿ ಹಾರುವ ಹುಚ್ಚು. ಹುಚ್ಚಾದರೂ ಶಿಸ್ತಿನ ಹುಚ್ಚು ಎಂದು ಹೆಮ್ಮೆಯಿತ್ತು. ಉಪಗ್ರಹ ಚಿತ್ರದಲ್ಲಿ ಕಾವಲನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅದೇ ಚಿತ್ರ ಹಾಸಿದ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಅರವತ್ತು ಸಲ ಇಳಿದೆ. ಅರವತ್ತು ಸಲವೂ ಬಟಾಬಯಲು. ಒಂದು ಕರುವೂ ಅಡ್ಡ ಬರಲಿಲ್ಲ. ನೀವೂ ಆ ಚಿತ್ರದ ಪ್ರಿಂಟ್ ನೋಡಿಯೇ ‘ಜಾಗ ಖಾಲಿ’ ಎಂದು ಷರಾ ಬರೆದು ನಾನು ಅಲ್ಲಿ ಹಾರಿ ಇಳಿಯಲು ಅನುಮತಿ ಕೊಟ್ಟಿರಿ. ನಿಮ್ಮ ಜೀಪಿಗೆ ಅಲ್ಲಿಗೆ ಅರ್ಧ ಗಂಟೆಯ ದಾರಿ, ನನ್ನ ಬೈಕಿಗೂ ಅಷ್ಟೇ. ಇಬ್ಬರೂ ಹೋಗಲಿಲ್ಲ. ನೂರಾರು ಮೈಲಿ ಮೇಲಿನಿಂದ ಕಂಡದ್ದನ್ನು ಹತ್ತಿರ ಹೋಗಿ ನೋಡಿದರೆ ನಮ್ಮ ಘನತೆ ಏನಾಗಬೇಕು?

ಚಿತ್ರ ತೆಗೆದದ್ದು ಫೆಬ್ರವರಿಯಲ್ಲಿ. ಮೂಲೆಯಲ್ಲಿ ತಾರೀಕೇ ಇತ್ತು. ರಾಗಿ ಕೊಯ್ಲು ಮುಗಿದ ಮೇಲೆ ದನಗಳು ಕೂಳೆ ಮೇಯಲು ಹೊಲಕ್ಕಿಳಿಯುತ್ತವೆ, ಕಾವಲು ಖಾಲಿ. ನಾನು ಹಾರಿದ್ದು ಅಕ್ಟೋಬರಿನಲ್ಲಿ. ಹೊಲದಲ್ಲಿ ಪೈರು ನಿಂತಿರುವಾಗ ಊರ ದನಗಳೆಲ್ಲ ಕಾವಲಿನಲ್ಲೇ ಇರುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೈಸ್ಕೂಲು ಮುಗಿಯುವವರೆಗೆ ನಾನೇ ಅಲ್ಲಿಗೆ ದನ ಹೊಡೆದವನು.

ಎಂಜಿನ್ನಿನ ಸದ್ದಿಗೆ ದನಗಳು ಬೆದರಿ ದಿಕ್ಕಾಪಾಲಾದವು. ಅವನ್ನು ತಪ್ಪಿಸಲು ಹೋಗಿ ಜಾಲಿ ಮೆಳೆಗೆ ಬಿದ್ದೆ, ರೆಕ್ಕೆಯ ದಾರಗಳೆಲ್ಲ ಮುಳ್ಳಿಗೆ ಸಿಕ್ಕಿಕೊಂಡವು. ಹುಲಿಗೆಮ್ಮನವರು ತಮ್ಮ ದನಗಳ ಹಿಂದೆ ಓಡದೆ ನನ್ನ ಕಡೆಗೆ ಓಡಿ ಬಂದರು. “ಅಲ್ಲಾಡ್ಬೇಡ ಕಣಪ್ಪಾ. ಮುಳ್ಳಷ್ಟೇ ಕಡಿತೀನಿ, ನಿನ್ ದಾರ ಕಡಿಯಾಕಿಲ್ಲ” ಎನ್ನುತ್ತ ಕುಡುಗೋಲಿನಿಂದ ಒಂದೊಂದೇ ಕೊಂಬೆ ಬಿಡಿಸಿದರು. ಅಷ್ಟರಲ್ಲಿ ಅವರ ಹಸುಗಳು ಪಕ್ಕದ ರಾಗಿ ಹೊಲ ತುಳಿದಿದ್ದವು. ಹೊಲದವರು ದೂರು ಕೊಟ್ಟರು.

ವಿಚಾರಣೆಯ ದಿನ ನೀವು ಪ್ರಿಂಟನ್ನು ಮೇಜಿನ ಮೇಲೆ ಹರವಿ, “ಇದ್ರಲ್ಲಿ ಒಂದು ದನಾನೂ ಇಲ್ವಲ್ರೀ. ಹಾಗಾದ್ರೆ ನೀವು ಇಳಿಯೋ ಹೊತ್ತಿಗೆ ಆಯಮ್ಮನೇ ಬೇಕಂತ ದನಾನ ಕಾವಲೊಳಕ್ಕೆ ನುಗ್ಸಿರ್ಬೇಕು” ಎಂದಿರಿ. ಅನುಮತಿ ಎಲ್ಲಿ ರದ್ದಾಗುತ್ತದೋ ಎಂಬ ಭಯಕ್ಕೆ ನಾನು “ಹೌದು ಸಾರ್” ಎಂದು ಸಹಿ ಹಾಕಿದೆ. ನನ್ನ ಕೈಯಲ್ಲಿ ಜಾಲಿಮುಳ್ಳಿನ ಗಾಯ ಇನ್ನೂ ಒಣಗಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಒಂಬತ್ತು ಹಸುಗಳೂ ಹಟ್ಟಿಯಲ್ಲೇ ಇದ್ದವು. ಕಾವಲಿಗೆ ಹೊರಡುವ ಹೊತ್ತಾಯಿತೆಂದು ಹಗ್ಗ ಜಗ್ಗುತ್ತಿದ್ದವು. ಹುಲಿಗೆಮ್ಮನವರು ಬೈಯಲಿಲ್ಲ. “ಆ ಫೋಟೋದಲ್ಲಿ ನಾನಿರ್ಲಿಲ್ಲ, ಸರಿ. ನೀನು ಬಿದ್ದಾಗ ಇದ್ನಲ್ಲಪ್ಪಾ” ಎಂದರು. ಅವರು ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೇ ಇಟ್ಟು ಎದ್ದು ಬಂದೆ.

ಈಗ ಕೇಳುವುದಿಷ್ಟು. ಅವರ ಮೇಲಿನ ನೋಟಿಸ್ ರದ್ದು ಮಾಡಿ, ನನ್ನ ಅನುಮತಿಯನ್ನೂ ರದ್ದು ಮಾಡಿ. ತುಳಿದ ರಾಗಿಯ ನಷ್ಟ ನಾನು ಕಟ್ಟಿಕೊಡುತ್ತೇನೆ. ಆದೇಶವನ್ನು ಅಂಚೆಯಲ್ಲಿ ಕಳಿಸಬೇಡಿ. ನೀವೇ ಹಿಡಿದುಕೊಂಡು ಆ ಹಟ್ಟಿಗೆ ಬನ್ನಿ, ನಾನೂ ಬರುತ್ತೇನೆ. ಹುಲಿಗೆಮ್ಮನವರು ಹಸುಗಳ ಹಗ್ಗ ಬಿಚ್ಚುವಾಗ ನಾವಿಬ್ಬರೂ ಅಲ್ಲಿ ನಿಂತು ನೋಡಬೇಕು.

ಇಂತಿ,
ಅರವತ್ತು ಸಲ ಸರಿಯಾಗಿ ಇಳಿದು, ಒಂದು ಸಲ ಬಿದ್ದು, ಎತ್ತಿದವರ ವಿರುದ್ಧವೇ ಸಹಿ ಹಾಕಿದ
ತೀರ್ಥೇಶ್, ಕಡೂರು