ತಮ್ಮ ಸೊನ್ನೆಯ ಜಾಗದಲ್ಲಿ ನನ್ನ ಅಜ್ಜಿ

ಪಟ್ಟಣದ ವಿಪತ್ತು ನಿರ್ವಹಣಾಧಿಕಾರಿಗಳಾದ ಮಾನ್ಯರೇ,

ನವೆಂಬರಿನ ಚಂಡಮಾರುತದಲ್ಲಿ ನಮ್ಮ ಪಟ್ಟಣದ ಒಬ್ಬರೂ ಸಾಯಲಿಲ್ಲವೆಂದು ತಮಗೆ ಪ್ರಶಸ್ತಿ ಬಂದಿದೆ. ಅಭಿನಂದನೆಗಳು. ಪುರಭವನದ ಮುಂದೆ ಕಟ್ಟಿರುವ ಬ್ಯಾನರಿನಲ್ಲಿ ತಮ್ಮ ಮುಖ ಚೆನ್ನಾಗಿ ಬಂದಿದೆ. ಪಕ್ಕದ ಸೊನ್ನೆಯಂತೂ ತಮ್ಮ ಮುಖಕ್ಕಿಂತ ದೊಡ್ಡದಾಗಿದೆ. ನನ್ನದೊಂದು ಸಣ್ಣ ತಕರಾರು. ಆ ಸೊನ್ನೆಯ ಜಾಗದಲ್ಲಿ ಒಂದು ಇರಬೇಕಿತ್ತು. ಆ ಒಂದು ನನ್ನ ಅಜ್ಜಿ ಇಸಿದ್ರಾ ಅಬೂಯೆನ್, ಎಪ್ಪತ್ತೊಂದು ವರ್ಷ, ಕಡಲಬೀದಿಯವಳು, ಊರಿಗೆಲ್ಲ ಲೋಲಾ ಇಸ್ಯಾಂಗ್, ಅಂದರೆ ಇಸ್ಯಾಂಗಜ್ಜಿ. ಅವಳು ಸತ್ತಿದ್ದಾಳೆ. ದಯವಿಟ್ಟು ಎಣಿಸಿಕೊಳ್ಳಿ.

ನಾನು ಯಾರೆಂದು ತಮಗೆ ಗೊತ್ತು. ತುರ್ತು ನಿರ್ವಹಣೆಯಲ್ಲಿ ಪದವಿ ಓದುತ್ತಿರುವವಳು, ತಮ್ಮ ಕಚೇರಿಗೆ ತರಬೇತಿಗೆ ಬಂದವಳು. ಈ ಪದವಿಯ ಹೆಸರು ಕೇಳಿ ನಗದವರು ನಮ್ಮ ಬೀದಿಯಲ್ಲಿಲ್ಲ. "ನರ್ಸಿಂಗ್ ಓದಿದ್ರೆ ದುಬೈಗಾದ್ರೂ ಹೋಗ್ಬೋದಿತ್ತು. ಇದನ್ನ ಓದಿ ಬಿರುಗಾಳಿ ಬರ್ಲಿ ಅಂತ ಕಾಯ್ತಾ ಕೂರ್ತೀಯೇನೇ?" ಎಂದಿದ್ದಳು ಪಕ್ಕದ ಮನೆಯ ದೋರಿಂಗಕ್ಕ. ಅಜ್ಜಿಯೂ ಬಿಟ್ಟವಳಲ್ಲ: "ಗಾಳಿ ಬಂದಾಗ ಓಡೋದಕ್ಕೂ ನಾಲ್ಕು ವರ್ಷದ ಓದು ಬೇಕಾ? ನಾನು ಓದ್ದೇನೇ ಆರು ಸಲ ಓಡಿದೀನಿ." ನಗುತ್ತಲೇ ಓದಿಸಿದವಳೂ ಅವಳೇ. ಅವಳ ಹೆಣ್ಣುಹಂದಿ ವರ್ಷಕ್ಕೆ ಎರಡು ಸಲ ಮರಿ ಹಾಕುತ್ತಿತ್ತು, ಕಾಲೇಜು ವರ್ಷಕ್ಕೆ ಎರಡು ಸಲ ಶುಲ್ಕ ಕೇಳುತ್ತಿತ್ತು. ಇಂಥ ಹೊಂದಾಣಿಕೆ ತಮ್ಮ ಇಲಾಖೆಗಳ ನಡುವೆ ನಾನು ಕಂಡಿಲ್ಲ.

ಚಂಡಮಾರುತದ ದಿನ ಗೋಡೆ, ಚಾವಣಿಯಿರುವ ಬ್ಯಾಸ್ಕೆಟ್‌ಬಾಲ್ ಅಂಗಳವೇ ಆಶ್ರಯತಾಣವಾಗಿತ್ತು. ಬಾಗಿಲಲ್ಲಿ ಮೇಜು ಹಾಕಿ, ಬಂದವರ ಹೆಸರು ಬರೆದುಕೊಳ್ಳುವ ಕೆಲಸವನ್ನು ನನಗೆ ಕೊಟ್ಟಿರಿ. ಗೋಡೆಯ ಮೇಲೆ ತಮ್ಮ ಸಹಿಯ ಫಲಕ: ಹಂದಿ, ಕೋಳಿಗಳಿಗೆ ಪ್ರವೇಶವಿಲ್ಲ. ಆಮೇಲೆ ನಡೆದದ್ದು ಪ್ರತಿ ಸಲ ನಡೆಯುವುದೇ. ಜನ ಬಂದರು, ಸಹಿ ಹಾಕಿದರು, ಅಕ್ಕಿ ಮತ್ತು ಮೀನಿನ ಡಬ್ಬಿ ಪಡೆದರು, ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿದರು. ಮನೆಗೊಬ್ಬರು ಹಿಂಬಾಗಿಲಿನಿಂದ ಹಂದಿ ಕಾಯಲು, ಜೂಜಿನ ಹುಂಜ ಕಾಯಲು ವಾಪಸು ಹೋದರು. ಇದು ನನಗೆ ಗೊತ್ತು, ತಮಗೆ ಗೊತ್ತು, ಹುಂಜಕ್ಕೂ ಗೊತ್ತು. ಗೊತ್ತಿಲ್ಲದ್ದು ಪಟ್ಟಿಗೆ ಮಾತ್ರ.

ಅಜ್ಜಿ ಮಧ್ಯಾಹ್ನ ಎರಡಕ್ಕೆ ಬಂದಳು. ಹೆಸರು ಬರೆದುಕೊಂಡೆ. ಡಬ್ಬಿಯನ್ನು ತನ್ನ ಹಳೆಯ ಅಂಗಿಯ ಜೇಬಿಗೆ ತುರುಕಿಕೊಂಡು ಹೊರಟೇಬಿಟ್ಟಳು.

"ಎಲ್ಲಿಗೆ, ಲೋಲಾ? ಕೂತ್ಕೋ ಇಲ್ಲೇ."

"ಹಂದಿಗೆ ದಿನ ತುಂಬಿದೆ ಕಣೇ. ಕಟ್ಟಿಹಾಕಿ ಬಂದಿದೀನಿ. ನಿನ್ನ ಪುಸ್ತಕದಲ್ಲಿ ಅದಕ್ಕೆ ಜಾಗ ಇದ್ರೆ ಹೇಳು, ಹೊಡ್ಕೊಂಡು ಬರ್ತೀನಿ."

ಪುಸ್ತಕದಲ್ಲಿ ಇತ್ತು, ಮಾನ್ಯರೇ. ಜನ ಮನೆ ಬಿಟ್ಟು ಬರಬೇಕಾದರೆ ಅವರ ಪ್ರಾಣಿಗಳಿಗೂ ಜಾಗ ಬೇಕೆಂಬುದು ನಮಗೆ ಎರಡನೆಯ ವರ್ಷದ ಪಾಠ. ಚರ್ಚಿನ ಹಿಂದಿನ ದಿಬ್ಬದ ಮೇಲೆ ದೊಡ್ಡಿ ಕಟ್ಟಬಹುದೆಂದು ನಕ್ಷೆ ಸಮೇತ ಬರೆದುಕೊಟ್ಟಿದ್ದೆ. "ಸ್ವೀಕರಿಸಲಾಗಿದೆ" ಎಂಬ ಮೊಹರು ಬಿತ್ತು. ಅದರ ಮೇಲೆ ತಾವು ಕಾಫಿ ಲೋಟ ಇಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

"ಜಾಗ ಇಲ್ಲ" ಎಂದೆ ಅಜ್ಜಿಗೆ. "ಹಾಗಾದ್ರೆ ಬಿಡು" ಎಂದು ಹೋದಳು.

ನಾಲ್ಕು ಗಂಟೆಗೆ ತಮ್ಮ ಬಳಿ ಬಂದು, ಇನ್ನೊಮ್ಮೆ ತಲೆ ಎಣಿಸೋಣವೆಂದೆ. ತಾವು ಅಂದದ್ದು ನೆನಪಿದೆಯೇ? "ಅಯ್ಯೋ ಮಗಳೇ, ಪಟ್ಟಿಯಲ್ಲಿ ನಾನೂರ ಹನ್ನೆರಡು ಜನ ಇದಾರೆ. ಪ್ರಾಂತ್ಯದ ಕಚೇರಿಗೆ ಕಳಿಸಿಯೂ ಆಯ್ತು. ಈಗ ಎಣಿಸಿ ಕಡಿಮೆ ಬಂದ್ರೆ ಯಾರು ಉತ್ತರ ಕೊಡೋದು?" ನಾನು ಸುಮ್ಮನಾದೆ. ಆ ಸುಮ್ಮನಿರುವಿಕೆಗೆ ತಮ್ಮನ್ನು ದೂರುವುದಿಲ್ಲ, ಅದು ನನ್ನದು. ಆರು ಗಂಟೆಯ ಹೊತ್ತಿಗೆ ಕಡಲು ಬೀದಿಗೆ ಬಂತು.

ಬೆಳಿಗ್ಗೆ ಅವಳನ್ನು ಕಂಡವಳು ದೋರಿಂಗಕ್ಕ. ಹಂದಿಗೂಡಿನ ಗೋಡೆ ಅಜ್ಜಿಯ ಮೇಲೆ ಬಿದ್ದಿತ್ತು. ಕೈಯಲ್ಲಿ ಕುಡುಗೋಲಿತ್ತು, ಹಂದಿಯ ಹಗ್ಗ ತುಂಡಾಗಿತ್ತು. ಹಂದಿ ಈಜಿಕೊಂಡು ದಿಬ್ಬ ಹತ್ತಿ, ನನ್ನ ನಕ್ಷೆಯಲ್ಲಿದ್ದ ಜಾಗದಲ್ಲೇ ಒಂಬತ್ತು ಮರಿ ಹಾಕಿತ್ತು. ನಾನು ಅಲ್ಲಿ ಕೆಸರಲ್ಲಿ ಕೂತು ಅತ್ತೆ. ಆ ಮರಿಗಳನ್ನು ಮಾರಿಯೇ ಕೊನೆಯ ಶುಲ್ಕ ಕಟ್ಟಿದ್ದೇನೆ.

ಅಜ್ಜಿಯ ಮರಣಪತ್ರದಲ್ಲಿ "ಹೃದಯ ಸ್ತಂಭನ" ಎಂದು ಬರೆಸಿದ್ದೀರಿ. ಸುಳ್ಳೇನಲ್ಲ. ಎದೆಮಟ್ಟ ನೀರಲ್ಲಿ ಗೋಡೆ ಮೈಮೇಲೆ ಬಿದ್ದರೆ ಯಾರ ಹೃದಯವಾದರೂ ನಿಲ್ಲುತ್ತದೆ, ತಮ್ಮದೂ ಸಹ. ನಾನು ಕೇಳಲು ಬಂದಾಗ ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದಿರಿ: "ನೋಡು, ಪಟ್ಟಿ ಪ್ರಕಾರ ನಿಮ್ಮಜ್ಜಿ ಅಂಗಳದಲ್ಲೇ ಇದ್ಲು. ಅಂಗಳದಲ್ಲಿ ಯಾರೂ ಸತ್ತಿಲ್ಲ. ನಿನ್ನ ತರಬೇತಿ ಪತ್ರಕ್ಕೆ ಸಹಿ ಹಾಕಿದೀನಿ, ತಗೊಂಡು ಪಾಸಾಗು." ಎಂಥ ತರ್ಕ! ಸತ್ತವಳು ಹಾಜರಿ ಹಾಕಿದ್ದಕ್ಕೆ ಬದುಕಿರಬೇಕು. ಪತ್ರ ತೆರೆದು ನೋಡಿದೆ. ಅತ್ಯುತ್ತಮ ದರ್ಜೆ. ಷರಾ: "ದಾಖಲೆ ನಿರ್ವಹಣೆಯಲ್ಲಿ ನಿಷ್ಣಾತಳು."

ಒಂದು ಹೆಸರಿಗೆ ಇಷ್ಟು ಹಟವೇಕೆ ಎಂದು ಕೇಳಬಹುದು. ಆ ಸೊನ್ನೆಯನ್ನು ನಂಬಿಯೇ ಮುಂದಿನ ವರ್ಷದ ಯೋಜನೆ ತಯಾರಾಗುತ್ತಿದೆ. ಅದರ ಕರಡಿನಲ್ಲಿ "ಜನ ಆಶ್ರಯತಾಣ ಬಿಟ್ಟು ಮರಳುವ ಸಮಸ್ಯೆ" ಎಂಬ ಸಾಲಿನ ಮುಂದೆ "ಇಲ್ಲ" ಎಂದಿದೆ. ಸಮಸ್ಯೆಯೇ ಇಲ್ಲದ ಮೇಲೆ ದೊಡ್ಡಿ ಯಾಕೆ, ಮರುಎಣಿಕೆ ಯಾಕೆ? ದೋರಿಂಗಕ್ಕನ ಮನೆಯಲ್ಲೂ ಎರಡು ಹಂದಿಗಳಿವೆ. ಮುಂದಿನ ಸಲ ಅವಳೂ ಸಹಿ ಹಾಕಿ ಹಿಂಬಾಗಿಲಿನಿಂದ ಹೋಗುತ್ತಾಳೆ, ತಾವೂ ಇನ್ನೊಂದು ಬ್ಯಾನರು ಕಟ್ಟಿಸುತ್ತೀರಿ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಕೂಡ ಪ್ರಶಸ್ತಿ ಕೇಳಿದ್ದಿಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ. ಇಸಿದ್ರಾ ಅಬೂಯೆನ್ ಚಂಡಮಾರುತದಲ್ಲಿ, ತನ್ನ ಮನೆಯಲ್ಲಿ, ಹಂದಿ ಬಿಚ್ಚುವಾಗ ಸತ್ತಳೆಂದು ಬರೆಯಿರಿ. ಪ್ರಶಸ್ತಿ ತಾವೇ ಇಟ್ಟುಕೊಳ್ಳಿ. ತಾವು ಕೊಟ್ಟ ತರಬೇತಿ ಪತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಅದಿಲ್ಲದೆ ಪದವಿ ಸಿಗುವುದಿಲ್ಲವೆಂದು ಬಲ್ಲೆ. ಸೋಮವಾರ ಬೆಳಿಗ್ಗೆ ಕಚೇರಿಗೆ ಬರುತ್ತೇನೆ, ಆ ಪಟ್ಟಿ ತೆಗೆದಿಡಿ. ಇನ್ನೂರ ಆರನೆಯ ಸಾಲಿನಲ್ಲಿ ಅವಳ ಹೆಸರಿದೆ, ಮುಂದೆ "ಸುರಕ್ಷಿತ" ಎಂದಿದೆ. ಅವಳು ಬಾಗಿಲು ದಾಟಿ ಹೊರಗೆ ಹೋಗುವುದನ್ನು ನೋಡಿದ ಮೇಲೂ ಆ ಪದ ಬರೆದವಳು ನಾನು. ಹೊಡೆದುಹಾಕಲು ನನಗೆ ಅವಕಾಶ ಕೊಡಿ.

ಇಂತಿ,
ಸದ್ಯಕ್ಕೆ ನಾಲ್ಕನೆಯ ವರ್ಷದ ವಿದ್ಯಾರ್ಥಿನಿ, ಎಂದೆಂದಿಗೂ ಇಸ್ಯಾಂಗಳ ಮೊಮ್ಮಗಳು,
ಜೋವೆಲಿನ್ ಅಬೂಯೆನ್