ಅತ್ತೆಯ ಪಾತಿಗಳು

ಹಿತ್ತಿಲ ಮೆಟ್ಟಿಲ ಮೇಲಿಂದ,
ಫೆಬ್ರವರಿ ಕೊನೆಯ ಭಾನುವಾರ, ಬೆಳಗ್ಗೆ

ನನ್ನ ಪ್ರೀತಿಯ ಇವರಿಗೆ,

ಹೆಸರು ಬರೆಯಲು ಈಗಲೂ ನಾಚಿಕೆ, ನಗಬೇಡಿ. ಕೆಮ್ಮು ಹೇಗಿದೆ? ದಿನವಿಡೀ ಸುರಂಗದ ದೂಳು ಕುಡಿದು ಬಂದು ಮೇಲಿಂದ ತಣ್ಣೀರು ಕುಡಿಯುವ ಚಾಳಿ ಬಿಟ್ಟಿರೋ ಇಲ್ಲವೋ? ಮಫ್ಲರ್ ಕಟ್ಟಿಕೊಳ್ಳಿ. ಜೊತೆಯವರು ನಕ್ಕರೆ ನಗಲಿ, ಅವರೇನು ನಿಮಗೆ ಕಷಾಯ ಕಾಯಿಸಿ ಕೊಡುತ್ತಾರಾ? ಇಲ್ಲಿ ನಾನು, ಮಗಳು, ಅತ್ತೆ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀವು ಗುಡ್ಡ ಹತ್ತಿ ನಿಂತರೆ ಮಾತ್ರ ಸಿಗ್ನಲ್, ಸಿಕ್ಕಾಗಲೆಲ್ಲ ಅತ್ತೆ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ನನಗೆ ಹೇಳಬೇಕಾಗಿರುವುದು ಅವರ ವಿಷಯವೇ.

ಏಪ್ರಿಲ್ ಮುಗಿದರೆ ಇಲ್ಲಿ ಅವರ ಸರದಿ ಮುಗಿಯುತ್ತದೆ. ಮಾವ ಹೋದ ಮೇಲೆ ನೀವು ಮೂವರು ಅಣ್ಣತಮ್ಮಂದಿರು ಕೂತು ಮಾಡಿದ ಏರ್ಪಾಡು: ವರ್ಷಕ್ಕೆ ಮೂರು ಮನೆ, ಮನೆಗೆ ನಾಲ್ಕು ತಿಂಗಳು. ಯಾರಿಗೂ ಭಾರವಾಗಬಾರದು ಎಂದಿರಿ. ನನಗೆ ಈ ಏರ್ಪಾಡು ಬೇಡ. ಅತ್ತೆ ಇಲ್ಲೇ ಇರಬೇಕು. ತಡೆಯಿರಿ, ಹುಬ್ಬು ಗಂಟು ಹಾಕಬೇಡಿ, ಪೂರ್ತಿ ಓದಿ.

ಮನೆ ಕಟ್ಟಿದವರು ಉಳಿದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಎಲ್ಲ ಸುರಿದು ಹೋಗಿದ್ದರಲ್ಲ, ನಮ್ಮ ಹಿತ್ತಿಲು? ಅಲ್ಲಿ ಹುಲ್ಲೂ ಹುಟ್ಟಲ್ಲ ಅಂದಿದ್ದಿರಿ. ಈಗ ಬಂದು ನೋಡಬೇಕು! ಅತ್ತೆ ಬಂದ ಮರುದಿನವೇ ಸೆರಗು ಸಿಕ್ಕಿಸಿ ಇಳಿದರು. ಗುದ್ದಲಿ ತರಿಸುತ್ತೇನೆ ಎಂದರೆ ಕೇಳಬೇಕಲ್ಲ, ನನ್ನ ಅಡುಗೆಮನೆಯ ದೊಡ್ಡ ಸೌಟನ್ನೇ ಎತ್ತಿಕೊಂಡು ಹೋದರು. ಆಮೇಲೆ ಹಿಟ್ಟಿನ ಜರಡಿ ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ ಹಿತ್ತಿಲಿಗೆ ಬಂದರೆ ಅತ್ತೆ ಅದರಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದಾರೆ! ನನಗೆ ಸಿಟ್ಟು ನೆತ್ತಿಗೇರಿತು, ಕೂಗಾಡಿದೆ. ಅವರು ತಲೆಯೆತ್ತದೆ, "ಹಿಟ್ಟು ಜರಡಿ ಹಿಡೀದೆ ಇದ್ರೂ ನಿನ್ನ ಗಂಡ ತಿಂತಾನೆ, ಬೀಜ ಹಂಗಲ್ಲ" ಎಂದರು. ಹೊಸ ಜರಡಿ ತಂದೆ. ಎಣ್ಣೆ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ನೀರು ಚಿಮುಕಿಸುವುದಕ್ಕೂ ಒಂದು ಮಾಡಿಕೊಂಡಿದ್ದಾರೆ. ಸದ್ಯ, ಅದು ಖಾಲಿ ಡಬ್ಬ.

ಆದರೂ ಹೇಳುತ್ತೇನೆ ರೀ, ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖ. ಹೊಲಿಗೆ ಮಷಿನ್ನನ್ನು ಹಿತ್ತಿಲ ಕಿಟಕಿಗೆ ಸರಿಸಿಕೊಂಡಿದ್ದೇನೆ. ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ನನ್ನ ಕಣ್ಣು ಮಾತ್ರ ಹೊರಗೇ. ಬೀಜ ಉದುರಿಸಿದ ಮೇಲೆ ಮಗುವಿನ ಬೆನ್ನು ತಟ್ಟಿದ ಹಾಗೆ ಅಂಗೈಯಿಂದ ಮಣ್ಣು ತಟ್ಟುತ್ತಾರೆ. ಬೆಳಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಪಾತಿಗಳನ್ನು ಮಾತಾಡಿಸಿ ಬರುತ್ತಾರೆ. ಚಳಿ ಬಿಡುತ್ತಿದ್ದ ಹಾಗೇ ಮೂಲಂಗಿ, ಮೆಂತ್ಯ, ಕೊತ್ತಂಬರಿ, ಪಾಲಕ್ ಒಂದರ ಹಿಂದೆ ಒಂದು ತಲೆಯೆತ್ತಿದವು. ಸೊಪ್ಪು ಕಂಡರೆ ಮುಖ ಸಿಂಡರಿಸುತ್ತಿದ್ದ ನಿಮ್ಮ ಮಗಳು ಈಗ ತನ್ನ ಕೈಯಾರೆ ಕಿತ್ತು ತಂದು, ಇದು ನಂದು ಎಂದು ಬೇರೆ ತಟ್ಟೆಗೆ ಹಾಕಿಸಿಕೊಳ್ಳುತ್ತಾಳೆ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇಣುಕಿ ಇಣುಕಿ ಹೊಗಳಿ, ಹೊಗಳಿಕೆಗೆ ಒಂದು ಕಟ್ಟು ಸೊಪ್ಪು ವಸೂಲಿ ಮಾಡಿಕೊಂಡು ಹೋಗುತ್ತಾರೆ.

ಹೀಗೇ ಒಂದು ದಿನ ಮೇಷ್ಟ್ರು ಮಲ್ಲಿಗೆ ಬಳ್ಳಿಯ ಕಡ್ಡಿ ಕೊಡಲು ಬಂದರು. ಅತ್ತೆ ತೆಗೆದುಕೊಳ್ಳಲಿಲ್ಲ. "ಅದು ಹೂ ಬಿಡೋ ಹೊತ್ತಿಗೆ ನಾನೆಲ್ಲಿರ್ತೀನೋ" ಎಂದರು. ನಾನು ಸಾವಿನ ಮಾತೆಂದುಕೊಂಡು, ಬಿಡ್ತು ಅನ್ನಿ ಅತ್ತೆ ಎಂದು ಗದರಿದೆ. ಅವರಿಗೆ ನಗು ಬಂತು. "ಸಾಯೋ ಮಾತಲ್ಲ ಕಣೇ, ಮೇ ತಿಂಗಳಿಗೆ ದೊಡ್ಡೋನ ಮನೇಲಿರ್ತೀನಲ್ಲ, ಅದನ್ನ ಹೇಳ್ದೆ" ಎಂದರು. ನಕ್ಕೇ ಹೇಳಿದರು. ಆಗ ಪಾತಿಗಳನ್ನು ನೋಡಿದೆ. ಅತ್ತೆ ಹಾಕಿದ್ದೆಲ್ಲ ಬೇಗ ಬಂದು ಬೇಗ ಮುಗಿಯುವ ಬೆಳೆ. ಬಳ್ಳಿಯಿಲ್ಲ, ಚಪ್ಪರವಿಲ್ಲ, ಬೇರುಬಿಟ್ಟು ನಿಲ್ಲುವ ಒಂದೂ ಗಿಡವಿಲ್ಲ. ಕೇಳಿದರೆ, ಭಾವನ ಮನೆಯ ಬಾಲ್ಕನಿಯಲ್ಲೂ ಅಷ್ಟೇ, ನಿಮ್ಮ ತಮ್ಮನ ಮನೆಯ ಕುಂಡಗಳಲ್ಲೂ ಅಷ್ಟೇ ಅಂತೆ. ಬಿತ್ತಿದ್ದನ್ನು ತಾವೇ ಕಿತ್ತು ಜಾಗ ಚೊಕ್ಕ ಮಾಡಿ ಹೊರಡುತ್ತಾರಂತೆ. ಅವರಿಗಾಗಿ ನಾನು ಖಾಲಿ ಮಾಡಿಟ್ಟ ಬೀರುವಿನ ಅರೆ ಇವತ್ತಿಗೂ ಖಾಲಿಯೇ ಇದೆ. ಸೀರೆ, ಬಾಚಣಿಗೆ, ಕನ್ನಡಕದ ಡಬ್ಬಿ ಎಲ್ಲವೂ ಮಂಚದ ಕೆಳಗಿನ ಬ್ಯಾಗಿನಲ್ಲೇ ಇವೆ. ಇಷ್ಟು ದಿನ ಅದನ್ನು ನಾನು ಶಿಸ್ತು ಅಂದುಕೊಂಡಿದ್ದೆ, ನೋಡಿ!

ಮರುದಿನ ನರ್ಸರಿಯಿಂದ ನಿಂಬೆ ಸಸಿ ತಂದೆ. ಕಾಯಿ ಬಿಡಲು ಮೂರು ವರ್ಷ ಬೇಕು ಎಂದ ನರ್ಸರಿಯವನು, ಹಾಗಾದರೆ ಅದನ್ನೇ ಕೊಡಪ್ಪ ಎಂದೆ. ನನಗೆ ನೆಡಲು ಬರುವುದಿಲ್ಲ ಎಂದು ಅತ್ತೆಯ ಮುಂದೆ ಇಟ್ಟೆ. ಅವರು ಎಲೆ ಚಿವುಟಿ ಮೂಸಿದರು, ಬಲು ಖುಷಿಪಟ್ಟರು. ಆದರೆ ನೆಡಲಿಲ್ಲ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟು ನೀರು ಹಾಕುತ್ತಾರೆ. ಬೆಳಗ್ಗೆ ಬಾವಿಕಟ್ಟೆ, ಮಧ್ಯಾಹ್ನ ಒಗೆಯುವ ಕಲ್ಲು, ಸಂಜೆ ಮೆಟ್ಟಿಲು ಎಂದು ಬಿಸಿಲು ನೋಡಿ ಎತ್ತಿಡುತ್ತಾರೆ. ಯಾಕತ್ತೆ ಎಂದರೆ, "ಒಂದ್ಸಲ ನೆಟ್ಟರೆ ಅದನ್ನ ನೋಡ್ಕೊಳ್ಳೋರು ಇಲ್ಲೇ ಇರ್ಬೇಕಾಗುತ್ತೆ" ಅನ್ನುತ್ತಾರೆ. ನನ್ನಮ್ಮ ಹೋದ ಮೇಲೆ ನನಗೆ ಇನ್ನೊಬ್ಬ ತಾಯಿ ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ. ಈಗ ಬಿಟ್ಟುಕೊಡುವ ಮನಸ್ಸಿಲ್ಲ. ಅವರನ್ನು ಕಳಿಸುವುದಿಲ್ಲವೆಂದು ನಿಮ್ಮಣ್ಣನಿಗೆ ನೀವೇ ಹೇಳಿ, ದಮ್ಮಯ್ಯ.

ಮೇಷ್ಟ್ರು ನಿಮ್ಮನ್ನು ಕೇಳಿದರು. ಮಗಳು ನಿಮಗೆಂದು ಒಂದು ಮೂಲಂಗಿ ಎತ್ತಿಟ್ಟಿದ್ದಾಳೆ, ಅದು ಬಾಡಿ ಹೋಗಿದೆ, ಬಂದಾಗ ಬೈಯದೆ ತಿನ್ನಿ. ಅತ್ತೆಯ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮೈ ಕಡೆ ಗಮನವಿರಲಿ.

ಇಂತಿ,
ನಿಮ್ಮ ಬಾಯಿಬಡುಕಿ

ಮರೆಯುವ ಮೊದಲು: ಕಾಗದ ಮಡಚುತ್ತಿದ್ದೆ, ಭಾವನ ಫೋನ್ ಬಂತು. ಅಕ್ಕನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿಯಂತೆ, ಮಕ್ಕಳಿಗೆ ಪರೀಕ್ಷೆಯಂತೆ, ಬರುವ ಭಾನುವಾರವೇ ಅತ್ತೆಯನ್ನು ಕರೆದುಕೊಂಡು ಹೋಗುತ್ತಾರಂತೆ. ಅತ್ತೆ "ಆಗ್ಲಪ್ಪ" ಎಂದು ಬ್ಯಾಗಿಗೆ ಕೈಹಾಕಿದರು. ನಾನು ಅವರ ಕೈ ಹಿಡಿದು, ನಿಮಗೆ ಎಲ್ಲಿರೋಕೆ ಇಷ್ಟ ಅತ್ತೆ ಎಂದು ಕೇಳಿದೆ. "ಇದನ್ನ ಇದುವರೆಗೂ ಯಾರೂ ಕೇಳಿರ್ಲಿಲ್ಲ ಕಣೇ" ಎಂದು ಎದ್ದು ಹಿತ್ತಿಲಿಗೆ ಹೋದರು. ಇಲ್ಲೇ ಎಂದೂ ಹೇಳಲಿಲ್ಲ, ಅಲ್ಲಿ ಎಂದೂ ಹೇಳಲಿಲ್ಲ. ನಾನೇ ಧೈರ್ಯ ಮಾಡಿ ಭಾವನಿಗೆ ಫೋನ್ ಮಾಡಿ, ನೀವೆಲ್ಲ ಯಾವಾಗ ಬೇಕಾದರೂ ಬನ್ನಿ, ಎಷ್ಟು ದಿನ ಬೇಕಾದರೂ ಇರಿ, ಅತ್ತೆಯನ್ನು ಮಾತ್ರ ಕಳಿಸಲ್ಲ ಎಂದುಬಿಟ್ಟೆ. ಕೆಂಡವಾಗಿದ್ದಾರೆ. ನಿಮಗೂ ಮಾಡುತ್ತಾರೆ, ದಯವಿಟ್ಟು ನನ್ನ ಮಾತನ್ನೇ ಹೇಳಿ. ಬರೆಯುತ್ತಿದ್ದ ಹಾಗೇ ಅತ್ತೆ ಬಾಗಿಲಿಗೆ ಬಂದು ಸೌಟನ್ನು ನನ್ನ ಕೈಗೆ ಕೊಟ್ಟರು. "ಇದನ್ನ ತೊಳೆದು ಒಳಗಿಟ್ಕೋ. ಮೇಷ್ಟ್ರ ಮನೇಲಿ ಗುದ್ದಲಿ ಇದ್ರೆ ಇಸ್ಕೊಂಡು ಬಾ, ನಿಂಬೆಗೆ ಆಳವಾಗಿ ತೋಡ್ಬೇಕು."